ತಂದೆ ಕೊಟ್ಟ ನೆಲ

ತಂದೆಗೆ ಮಗನು ಬಗೆದ ದ್ರೋಹವೆಂದೊಡನೆ ಅರಮನೆಯ ಒಳಸಂಚು, ಸೆರೆಮನೆ, ಕತ್ತಿ ಇವೇ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಅಜಾತಶತ್ರು ಬಿಂಬಿಸಾರನನ್ನೂ, ಔರಂಗಜೇಬನು ಷಹಜಹಾನನನ್ನೂ ಸೆರೆಯಲ್ಲಿಟ್ಟ ಸಂಗತಿಯನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಕನ್ನಡದ ಆದಿಕವಿಯಾದ ಪಂಪನು ಕ್ರಿ. ಶ. ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ, ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದ ಒಂದು ದ್ರೋಹವುಂಟು. ಅಲ್ಲಿ ತಂದೆಯ ಮೈಮೇಲೆ ಯಾರೂ ಕೈಮಾಡುವುದಿಲ್ಲ. ಮಗನು ತಂದೆಯನ್ನು ದೇವರೆಂದೇ ಪೂಜಿಸುತ್ತಾನೆ. ಪೂಜಿಸುತ್ತಲೇ, ತಂದೆಯು ತಮ್ಮನಿಗೆ ಕೊಟ್ಟುದು ತನಗೆ ಸೇರಬೇಕೆನ್ನುತ್ತಾನೆ.

ಪಾಲುಪಾರಿಕತ್ತಿನ ಪತ್ರಗಳನ್ನು ಬರೆದವರೂ, ಅವುಗಳಿಂದೆದ್ದ ದಾವೆಗಳಿಗೆ ತೀರ್ಪು ಕೊಟ್ಟವರೂ ಈ ಲೇಖನವನ್ನು ಓದುವವರಲ್ಲಿ ಇದ್ದಾರು. ತಂದೆಯ ಭಾವಚಿತ್ರಕ್ಕೆ ಹೂಮಾಲೆ ಹಾಕಿ ಬಂದ ಕೈಯೇ ತಂದೆಯ ಹಂಚಿಕೆಯನ್ನು ಅಲ್ಲಗಳೆಯುವ ಕಾಗದಕ್ಕೆ ರುಜು ಹಾಕುವುದನ್ನು ಅವರು ಎಷ್ಟು ಸಲ ನೋಡಿಲ್ಲ!

ಕಥೆ ವಾಚಕರಿಗೆ ಹೊಸದಲ್ಲ. ನೀಲಾಂಜನೆಯೆಂಬ ನರ್ತಕಿಯು ಕುಣಿಯುತ್ತಿದ್ದಂತೆಯೇ ಕಣ್ಮರೆಯಾದುದನ್ನು ಕಂಡು ವೃಷಭನಾಥನು ವಿರಕ್ತನಾದನು. ಹಿರಿಯ ಮಗನಾದ ಭರತನಿಗೆ ಅಯೋಧ್ಯೆಯನ್ನೂ, ಬಾಹುಬಲಿಗೆ ಪೌದನಪುರವನ್ನೂ, ಉಳಿದ ಮಕ್ಕಳಿಗೆ ಬೇರೆ ಬೇರೆ ನಾಡುಗಳನ್ನೂ ಹಂಚಿಕೊಟ್ಟು ಹೊರಟುಹೋದನು. ಷೇಕ್ಸ್‌ಪಿಯರನ ಲಿಯರ್ ದೊರೆಯೂ ರಾಜ್ಯವನ್ನು ಹಂಚಿದವನೇ. ಆದರೆ ಆತನು ಮಕ್ಕಳ ಪ್ರೀತಿಯ ಮಾತನ್ನು ಅಳೆದು ಅಳೆದು ಕೊಟ್ಟನು, ಕೊಟ್ಟ ಮೇಲೂ ದೊರೆತನದ ಮರ್ಯಾದೆಯನ್ನು ತನ್ನಲ್ಲೇ ಉಳಿಸಿಕೊಂಡನು. ವೃಷಭನು ಏನನ್ನೂ ಕೇಳಲಿಲ್ಲ, ಏನನ್ನೂ ಉಳಿಸಿಕೊಳ್ಳಲಿಲ್ಲ. ಉಟ್ಟ ಬಟ್ಟೆಯನ್ನು ಕೂಡ ಬಿಟ್ಟವನ ಮುಂದೆ ಗಡಿಯ ತಂಟೆಯನ್ನು ಒಯ್ಯುವುದು ಹೇಗೆ?

ಮುಂದೆ ಒಂದು ದಿನ ಭರತನಿಗೆ ಮೂರು ವಾರ್ತೆಗಳು ಒಟ್ಟಿಗೆ ಬಂದುವು. ತಂದೆಗೆ ಕೇವಲಜ್ಞಾನವಾಯಿತೆಂಬುದು ಒಂದು. ಆಯುಧಾಗಾರದಲ್ಲಿ ಚಕ್ರರತ್ನ ಹುಟ್ಟಿತೆಂಬುದು ಇನ್ನೊಂದು. ಅಂತಃಪುರದಲ್ಲಿ ಮಗನು ಹುಟ್ಟಿದನೆಂಬುದು ಮೂರನೆಯದು. ಯಾವುದಕ್ಕೆ ಮೊದಲು ಹೋಗಬೇಕು? ಭರತನು ತಡವರಿಸದೆ ತಂದೆಯ ಬಳಿಗೆ ಹೋದನು. ಇದನ್ನು ನಾವು ಮರೆಯಲಾಗದು. ಮುಂದೆ ತಪ್ಪುವವನು ಕೆಟ್ಟ ಮಗನಲ್ಲ. ಮೂರರಲ್ಲಿ ಸರಿಯಾದುದನ್ನು ಆರಿಸಿಕೊಂಡಿದ್ದ ಮಗನೇ. ಚಕ್ರದ ಹಿಂದೆ ಹೊರಟು ಷಟ್ಖಂಡಗಳನ್ನು ಗೆದ್ದು ಹಿಂದಿರುಗುವ ವೇಳೆಗೆ ಆ ಆಯ್ಕೆಯ ಕ್ರಮ ಅವನಿಗೇ ತಿಳಿಯದಂತೆ ಬದಲಾಗಿತ್ತು.

ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ಎರಗಿಲ್ಲವೆಂದು ಪುರೋಹಿತನು ಕಾರಣ ಹೇಳಿದನು. ಓಲೆಗಳು ಹೋದುವು. ತೊಂಬತ್ತೆಂಟು ಮಂದಿ ತಮ್ಮಂದಿರು ತಂದೆಯ ಬಳಿಗೆ ಓಡಿದರು. ಅವರಿಗೆ ಅಲ್ಲಿ ದೊರೆತುದು ನ್ಯಾಯತೀರ್ಪಲ್ಲ, ದೀಕ್ಷೆ. ಬಾಹುಬಲಿಯು ಮಾತ್ರ ಓಡಲಿಲ್ಲ, ಎರಗಲೂ ಇಲ್ಲ. ಹಿರಿಯನೆಂಬ ಪ್ರೀತಿಯಿಂದ ಅಣ್ಣನ ಕಾಲಿಗೆ ಬೀಳುವುದರಲ್ಲಿ ಅವಮಾನವಿಲ್ಲ, ತಲೆಯ ಮೇಲೆ ಕತ್ತಿಯನ್ನೆತ್ತಿ ನಮಸ್ಕಾರವನ್ನು ಕೇಳಿದರೆ ಅದು ಅಂಜುಬುರುಕತನವಾಗುತ್ತದೆ ಎಂಬುದು ಪಂಪನ ಬಾಹುಬಲಿಯ ವಾದದ ಸಾರ. ನಮ್ಮ ಸಾಹಿತ್ಯದಲ್ಲಿ ಅಣ್ಣತಮ್ಮಂದಿರ ನಡುವಿನ ಮರ್ಯಾದೆಯನ್ನು ಇಷ್ಟು ಖಚಿತವಾಗಿ ಗೆರೆ ಕೊಯ್ದು ತೋರಿಸಿದ ಮಾತು ಬೇರೊಂದಿದೆಯೆಂದು ನಮಗೆ ತೋರುವುದಿಲ್ಲ.

ಇದು ಕೇವಲ ಪುರಾಣದ ಮಾತಾಗಿರಲಿಲ್ಲ. ಪಂಪನು ಈ ಕಾವ್ಯವನ್ನು ಬರೆಯುವುದಕ್ಕೆ ಕೆಲವೇ ವರ್ಷಗಳ ಹಿಂದೆ ಗಂಗರ ಇಮ್ಮಡಿ ಬೂತುಗನು ತನ್ನ ಅಣ್ಣನಾದ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಪಡೆದಿದ್ದನು. ಆತಕೂರಿನ ಶಾಸನವು ಈ ಕೊಲೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇಬ್ಬರೂ ಎರೆಯಪ್ಪನ ಮಕ್ಕಳು. ಆ ಬೂತುಗನ ಮಗನಾದ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕೊನೆಗೆ ರಾಜ್ಯವನ್ನು ತೊರೆದು, ೯೭೪ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬ ಆತನ ನೆನಪಿನದು. ತಂದೆಯ ಪಾಪಕ್ಕೆ ಮಗನ ಪ್ರಾಯಶ್ಚಿತ್ತವಿದು ಎಂದು ನಾವು ಹೇಳಹೊರಟರೆ ಅತಿಯಾದೀತು. ಆದರೆ ಮಾರಸಿಂಹನ ದಂಡನಾಯಕನಾಗಿ, ಆ ಬಳಿಕ ನಾಲ್ವಡಿ ರಾಚಮಲ್ಲನ ಮಂತ್ರಿಯಾಗಿ ದುಡಿದ ಚಾವುಂಡರಾಯನಿಗೆ, ಅಣ್ಣನ ರಕ್ತದಿಂದ ತೊಯ್ದ ಸಿಂಹಾಸನವೆಂದರೇನೆಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ೯೭೮ರಲ್ಲಿ ಆತನೇ ಭರತ ಬಾಹುಬಲಿಯರ ಕಥೆಯನ್ನು ತನ್ನ ಗದ್ಯಪುರಾಣದಲ್ಲಿ ಬರೆದನು. ೯೮೧ರ ಸುಮಾರಿಗೆ ದೊಡ್ಡಬೆಟ್ಟದ ಕಲ್ಲಿನಲ್ಲಿ ನಿಲ್ಲಿಸಿದನು.

ಯುದ್ಧದ ವಿವರ ಇಲ್ಲಿ ಬೇಡ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣನು ಸೋತನು. ಮಲ್ಲಯುದ್ಧದಲ್ಲಿ ಮೇಲೆತ್ತಿದ ಅಣ್ಣನನ್ನು ಅಷ್ಟು ಮಂದಿ ಅರಸರ ಮುಂದೆ ನೆಲಕ್ಕಪ್ಪಳಿಸಲು ಬಾಹುಬಲಿಗೆ ಮನಸ್ಸು ಬಾರದೆ ಮೆಲ್ಲನೆ ಇಳಿಸಿದನು. ಆ ಉಪಕಾರವೇ ಭರತನಿಗೆ ಸಹಿಸದಾಯಿತು, ಚಕ್ರವನ್ನು ಎಸೆದನು. ತಮ್ಮಂದಿರು ಎರಗಲಿಲ್ಲವೆಂದು ಊರಬಾಗಿಲಲ್ಲಿ ನಿಂತಿದ್ದ ಅದೇ ಚಕ್ರವು ತಮ್ಮನನ್ನು ಕೊಲ್ಲದೆ ಬಲವಂದು ಅವನ ಪಕ್ಕದಲ್ಲಿ ನಿಂತಿತು. ಅಯೋಧ್ಯೆಯಲ್ಲಿ ಇನ್ನೊಬ್ಬ ಭರತನೂ ಆಳಿದನಲ್ಲವೆ? ಆತನು ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟನು. ಒಂದೇ ಊರು, ಒಂದೇ ಹೆಸರು. ನಡತೆ ಮಾತ್ರ ಎಷ್ಟು ದೂರ!

ಆಗ ಬಾಹುಬಲಿಯು ಮಾಡಿದುದು ಕಥೆಯ ಮರ್ಮ. ತಂದೆಯಿಂದ ತನಗೆ ಬಂದ ನೆಲವನ್ನು ಆತನೇ ಅಣ್ಣನಿಗೆ ಕೊಟ್ಟುಬಿಟ್ಟನು. ಕತ್ತಿಗೆ ಕೊಡದುದನ್ನು ಕೈಯಾರೆ ಕೊಟ್ಟನು. ಹೀಗೆ ಭರತನಿಗೆ ದೊರೆತ ಪೌದನಪುರವು ಗೆದ್ದ ನಾಡಲ್ಲ, ತಮ್ಮನ ದಾನ. ಚಕ್ರವರ್ತಿಯಾದವನಿಗೆ ಇದಕ್ಕಿಂತ ಕಠಿನವಾದ ಶಿಕ್ಷೆಯನ್ನು ಯಾವ ಕವಿಯೂ ವಿಧಿಸಲಾರನು.

ಒಂದು ವರ್ಷ ಬಾಹುಬಲಿ ಕದಲದೆ ನಿಂತನು. ಹುತ್ತ ಬೆಳೆಯಿತು, ಬಳ್ಳಿ ತೋಳಿಗೆ ಹಬ್ಬಿತು. ಆದರೂ ಜ್ಞಾನವಾಗಲಿಲ್ಲ. ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ನಮ್ಮ ಜನ ಹೇಳುವ ಕಥೆ. ಪಂಪನಿಗೆ ಆಧಾರವಾದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿ ಆ ಮುಳ್ಳು ಬೇರೆ: ನನ್ನಿಂದ ಅಣ್ಣನು ನೊಂದನಲ್ಲಾ ಎಂಬುದು. ಒಂದು ಅಭಿಮಾನ, ಇನ್ನೊಂದು ಅನುಕಂಪ; ನಮಗೆ ಎರಡನೆಯದೇ ಹೆಚ್ಚು ನಿಜವೆಂದು ತೋರುತ್ತದೆ. ಎರಡರಲ್ಲಿಯೂ ಮುಳ್ಳನ್ನು ಕೀಳುವವನು ಭರತನೇ. ಆತನು ಬಂದು ತಮ್ಮನ ಪಾದಗಳಿಗೆ ಪೂಜೆ ಸಲ್ಲಿಸಿದಾಗಲೇ ಬಾಹುಬಲಿಗೆ ಕೇವಲಜ್ಞಾನವಾಯಿತು. ನೊಂದವನ ಬಿಡುಗಡೆಯು ನೋಯಿಸಿದವನ ಕೈಯಲ್ಲಿತ್ತು.

ಇಲ್ಲಿಂದ ಮುಂದಿನ ಮಾತನ್ನು ದೊಡ್ಡಬೆಟ್ಟವೇ ಹೇಳುತ್ತದೆ. ೧೧೮೦ರ ಸುಮಾರಿನಲ್ಲಿ ಬೊಪ್ಪಣಪಂಡಿತನು ರಚಿಸಿದ ಗೊಮ್ಮಟಸ್ತುತಿಯು ಅಲ್ಲಿ ಶಾಸನವಾಗಿ ನಿಂತಿದೆ. ಅದರ ಪ್ರಕಾರ ಬಾಹುಬಲಿಯ ಮೊದಲ ವಿಗ್ರಹವನ್ನು ಪೌದನಪುರದಲ್ಲಿ, ೫೨೫ ಬಿಲ್ಲುಗಳಷ್ಟು ಎತ್ತರವಾಗಿ, ಮಾಡಿಸಿದವನು ಭರತನು. ಅದು ಕಾಲಕ್ರಮದಲ್ಲಿ ಕುಕ್ಕುಟಸರ್ಪಗಳಿಂದ ತುಂಬಿ ಯಾರಿಗೂ ಎಟುಕದಾಗಲು, ಚಾವುಂಡರಾಯನು ಬೆಳಗೊಳದಲ್ಲಿ ಅಂಥದನ್ನೇ ಮಾಡಿಸಿದನು. ಹಾಗಾದರೆ ನಾವು ತಲೆಯೆತ್ತಿ ನೋಡುವ ೫೭ ಅಡಿಯ ಮೂರ್ತಿಯ ಮೂಲವು, ತಪ್ಪಿದ ಅಣ್ಣನೊಬ್ಬನು ತಾನು ಕಿತ್ತುಕೊಳ್ಳಬಂದ ಊರಿನಲ್ಲೇ ತಮ್ಮನಿಗಾಗಿ ನಿಲ್ಲಿಸಿದ ಮೂರ್ತಿ. ತ್ಯಾಗಕ್ಕೆ ಗುರುತಾಗಿ ಇದನ್ನು ಹೊಗಳಿದವರು ನೂರಾರು ಮಂದಿ. ಪಶ್ಚಾತ್ತಾಪದ ಗುರುತೂ ಇದೇ ಎಂದವರು ಕಡಮೆ.

ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಭರತನು ಚಕ್ರವನ್ನೆಸೆದನೆಂಬುದು ನುಂಗಲಾಗದ ಮಾತಾಗಿತ್ತು. ಆತನ ಭರತೇಶವೈಭವದಲ್ಲಿ ಯುದ್ಧವೇ ನಡೆಯದು. ಅಣ್ಣನು ಸವಿನುಡಿಯಿಂದಲೇ ತಮ್ಮನನ್ನು ಗೆಲ್ಲುತ್ತಾನೆ. ಸೊಗಸಾದ ಕಾವ್ಯ, ಸಂದೇಹವಿಲ್ಲ. ಆದರೆ ತಪ್ಪನ್ನು ಅಳಿಸಿದ ಕವಿಯು ಭರತನ ಅತಿದೊಡ್ಡ ಗಳಿಗೆಯನ್ನೂ ಅಳಿಸಿದನೆಂದು ನಮ್ಮ ಅಭಿಪ್ರಾಯ. ಬಾಗುವುದಕ್ಕೆ ಕಾರಣವಿಲ್ಲದವನು ಬಾಗಿದರೆ ಅದು ವಿನಯ ಮಾತ್ರ.

ಬಾಗದವನ ಕಥೆಯೂ ಈ ಊರಿಗೆ ದೂರದ್ದಲ್ಲ. ಚಾವುಂಡರಾಯನ ಆಶ್ರಯವನ್ನು ಪಡೆದು, ತನ್ನ ಮಗನಿಗೆ ರಾಯನೆಂದೇ ಹೆಸರಿಟ್ಟ ರನ್ನನ ಸಹಿಯೆಂದು ನಂಬಲಾದ ಅಕ್ಷರಗಳು ಚಿಕ್ಕಬೆಟ್ಟದ ಬಂಡೆಯ ಮೇಲಿವೆ. ಆತನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ಮಗ ಲಕ್ಷಣಕುಮಾರನ ಹೆಣವನ್ನು ಕಾಣುತ್ತಾನೆ. ತಂದೆಗೆ ಮಗನು ಎಳ್ಳುನೀರು ಬಿಡಬೇಕಾದ ಕ್ರಮವೇ ತಲೆಕೆಳಗಾಯಿತೆಂದು ಮರುಗುತ್ತಾನೆ. ಅಷ್ಟಾದರೂ, ಸಂಧಿ ಮಾಡಿಕೊಳ್ಳೆಂದು ಕುರುಡ ತಂದೆಯು ಬೇಡಿಕೊಂಡರೂ, ಪಾಂಡವರಿಗೆ ನೆಲವನ್ನು ಬಿಡಲೊಲ್ಲನು. ತಂದೆಯ ಮಾತಿಗೂ ಮಗನ ಹೆಣಕ್ಕೂ ನಡುವೆ ನಿಂತ ಆತನನ್ನು ಕಂಡು ಮರುಗದವರಿಲ್ಲ. ಆತನ ಕೈ ಹಿಡಿದು ಹಿಂದಕ್ಕೆ ಕರೆತರಬಲ್ಲವರೂ ಇಲ್ಲ.

ಅದೇ ಚಿಕ್ಕಬೆಟ್ಟದಲ್ಲಿ ಚಾವುಂಡರಾಯನ ಬಸದಿಯಿದೆ. ಅದರ ಮೇಲಂತಸ್ತನ್ನು ಕಟ್ಟಿಸಿ ಪಾರ್ಶ್ವನಾಥನನ್ನು ಪ್ರತಿಷ್ಠಿಸಿದವನು ಆತನ ಮಗ ಜಿನದೇವಣ. ಯಾತ್ರಿಕರು ಇದನ್ನು ನೋಡಿಕೊಂಡು ಇಳಿದುಬಿಡುತ್ತಾರೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಸುಮಾರು ಒಂಬತ್ತು ಅಡಿಯ ಮೂರ್ತಿಯೊಂದು ಕಾಣುತ್ತದೆ. ಶಿಲ್ಪಿಯು ಮೊಣಕಾಲಿನವರೆಗೆ ಕಡೆದು ಕೆಲಸವನ್ನು ಅಲ್ಲಿಗೇ ಬಿಟ್ಟಿದ್ದಾನೆ. ಕೆಳಗಿನದು ಬರಿಯ ಬಂಡೆ. ಮಹಾಮಸ್ತಕಾಭಿಷೇಕ ನಡೆಯುವುದು ಎದುರಿನ ಬೆಟ್ಟದಲ್ಲಿ. ಕಡೆಯ ಬಾರಿ ೨೦೧೮ರಲ್ಲಿ ನಡೆಯಿತು. ಇಲ್ಲಿ ಅರೆಗೆಲಸದಲ್ಲಿ ನಿಂತಿರುವವನನ್ನು ಊರವರು ಭರತೇಶ್ವರನೆನ್ನುತ್ತಾರೆ.