ವಿಡಿಯೋದ ಅಡಿಬರಹದಲ್ಲಿ ‘ಹಿಂಡಿ’ ‘ಹಿಂದಿ’ಯಾಗದಿರಲಿ



ನಮ್ಮ ಸದಸ್ಯರಲ್ಲಿ ಕೆಲವರು, ವಿಶೇಷವಾಗಿ ಯುವಕರು, ದನಗಳ ಪಾಲನೆ, ಮೇವು, ಹಾಲು ಹಿಂಡುವ ಕ್ರಮ ಮುಂತಾದವನ್ನು ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಹಾಕುತ್ತಿರುವುದು ಸಂತೋಷದ ಸಂಗತಿ. ಆದರೆ ಕಷ್ಟಪಟ್ಟು ತೆಗೆದ ವಿಡಿಯೋ ಬೇಕಾದ ರೈತನ ಕಣ್ಣಿಗೆ ಬೀಳದೇ ಹೋಗುವುದುಂಟು. ಇದಕ್ಕೆ ಅಡಿಬರಹ, ಅಂದರೆ ಚಿತ್ರದ ಕೆಳಗೆ ಮಾತಿನ ಜೊತೆಗೇ ಬರುವ ಕ್ಯಾಪ್ಶನ್, ಸಹಾಯಕವಾಗುತ್ತದೆ.

ಯಾರಾದರೂ ಹುಡುಕಿದಾಗ ಯೂಟ್ಯೂಬ್ ಅವರ ಶಬ್ದಗಳನ್ನು ವಿಡಿಯೋದ ತಲೆಬರಹ, ವಿವರಣೆ ಮತ್ತು ಒಳಗಿನ ವಿಷಯದೊಂದಿಗೆ ಹೋಲಿಸುತ್ತದೆ. ಜನರು ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಡಿಬರಹ ಒಂದರಿಂದಲೇ ವಿಡಿಯೋ ಮೊದಲ ಸ್ಥಾನಕ್ಕೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆದರೆ ಬಸ್ಸಿನಲ್ಲಿ ಕುಳಿತವರು, ಹಾಲು ಹಿಂಡುವ ಯಂತ್ರದ ಸದ್ದಿನ ನಡುವೆ ಇರುವವರು, ಕಿವಿ ಮಂದವಾದ ಹಿರಿಯರು ಅಕ್ಷರವಿದ್ದರೆ ಕೊನೆಯವರೆಗೆ ನೋಡುತ್ತಾರೆ.

ಇನ್ನೊಂದು ಮಾತು. ತಾಂಬಾ, ಇಂಡಿ, ಸಿಂದಗಿ ಕಡೆ ನಾವು ‘ಆಕಳು’ ಎನ್ನುತ್ತೇವೆ. ಮಂಡ್ಯ, ಹಾಸನದವರು ‘ಹಸು’ ಎಂದು ಹುಡುಕುತ್ತಾರೆ. ಅಡಿಬರಹದಲ್ಲಿ ತಾವು ಆಡಿದ ಮಾತೇ ಇರಲಿ, ಅದನ್ನು ತಿದ್ದಿ ಗ್ರಾಂಥಿಕ ಮಾಡುವುದು ಬೇಡ. ತಲೆಬರಹ ಮತ್ತು ವಿವರಣೆಯಲ್ಲಿ ಎರಡೂ ಶಬ್ದ ಬರೆಯಿರಿ. ಖಿಲಾರಿ ಹೋರಿಯ ವಿಡಿಯೋ ಆಗಿದ್ದರೆ ಸೊಲ್ಲಾಪುರ ಕಡೆಯವರೂ ನೋಡುವವರೇ. ಮರಾಠಿಯಲ್ಲಿ ಬೇರೊಂದು ಅಡಿಬರಹ ಸೇರಿಸಲು ಅವಕಾಶವಿದೆ.

ಅತ್ಯಂತ ಎಚ್ಚರ ಬೇಕಾದದ್ದು ಯಂತ್ರ ತಾನಾಗಿ ಬರೆಯುವ ಅಡಿಬರಹದ ವಿಷಯದಲ್ಲಿ. ‘ಹತ್ತಿಕಾಳ ಹಿಂಡಿ’ ಎಂದದ್ದು ‘ಹಿಂದಿ’ ಎಂದು ಮೂಡಿದರೆ ನಕ್ಕು ಬಿಡಬಹುದು. ಆದರೆ ಒಣ ಹುಲ್ಲಿನ ಯೂರಿಯಾ ಉಪಚಾರವನ್ನು ತೆಗೆದುಕೊಳ್ಳಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ 21 ದಿವಸ ಮುಚ್ಚಿಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಅದನ್ನು ತಿನ್ನಿಸಕೂಡದು. ತಾವು ಆಡುಮಾತಿನಲ್ಲಿ ‘ನಾಕು’ ಎಂದದ್ದು ‘40’ ಎಂದು ಮೂಡಿ, ಸದ್ದಿಲ್ಲದೆ ಓದಿಕೊಂಡವನು ಅದರಂತೆ ಮಾಡಿದರೆ ದನಗಳಿಗೆ ವಿಷವೇರಿ ಸಾಯುತ್ತವೆ. ನೋಡಿದವನಿಗೆ ತಪ್ಪು ಯಂತ್ರದ್ದೆಂದು ಗೊತ್ತಾಗುವುದೂ ಇಲ್ಲ.

ಆದ್ದರಿಂದ ಯೂಟ್ಯೂಬ್ ಸ್ಟುಡಿಯೋದಲ್ಲಿ ಸಬ್‌ಟೈಟಲ್ಸ್ ಎಂಬಲ್ಲಿ ಕನ್ನಡ ಆರಿಸಿ ತಾವೇ ಟೈಪು ಮಾಡುವುದು ಉತ್ತಮ. ಯಂತ್ರ ಬರೆದದ್ದು ಇದ್ದರೆ ಸಾಲು ಸಾಲಾಗಿ ತಿದ್ದಿರಿ. ಐದು ನಿಮಿಷದ ವಿಡಿಯೋಕ್ಕೆ ಒಂದು ಸಂಜೆ ಹಿಡಿದೀತು. ಅಂಕಿಗಳನ್ನು ಮನೆಯ ಇನ್ನೊಬ್ಬರಿಂದ ಓದಿಸಿ ನೋಡಿರಿ. ಔಷಧದ ಪ್ರಮಾಣ ಹೇಳುವ ವಿಡಿಯೋ ಆದರೆ ಪಶುವೈದ್ಯರಿಗೆ ತೋರಿಸಿದ ಬಳಿಕವೇ ಹಾಕತಕ್ಕದ್ದು.