ಹರೆಯದ ಅಹಂಭಾವ

ಮನೆಮಂದಿಯೆಲ್ಲ ಮದುವೆಗೆ ಹೊರಟು ನಿಂತಿರುವಾಗ 14 ವರ್ಷದ ಹುಡುಗನೊಬ್ಬನು ಮೂಗಿನ ಮೇಲೆದ್ದ ಒಂದೇ ಒಂದು ಮೊಡವೆಯ ನಿಮಿತ್ತ ಕನ್ನಡಿಯನ್ನು ಬಿಟ್ಟು ಕದಲದೆ, "ನಿನ್ನ ಮೂಗನ್ನ ಯಾರು ನೋಡ್ತಾರೋ, ಬಾರೋ" ಎಂಬ ತಾಯಿಯ ಮಾತಿಗೆ ಕಣ್ಣಲ್ಲಿ ನೀರು ತಂದುಕೊಂಡು, ಪಕ್ಕದಲ್ಲಿಯೇ ಕನ್ನಡಕಕ್ಕಾಗಿ ತಡಕಾಡುತ್ತಿರುವ ಅಜ್ಜಿಯನ್ನು ಗಮನಿಸದೆ ದಾಟಿಹೋದನೆಂದರೆ, ನೆರೆದವರು ಅವನನ್ನು ಶುದ್ಧ ಸ್ವಾರ್ಥಿಯೆಂದೇ ಎಣಿಸುವರು. ಆ ಹೊತ್ತಿನಲ್ಲಿ ಅವನ ಚಿತ್ತವನ್ನೆಲ್ಲ ಆಕ್ರಮಿಸಿದ್ದುದು ಅನ್ಯರ ದೃಷ್ಟಿಯೆಂಬುದು ಯಾರಿಗೂ ಹೊಳೆಯದು.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರ ತಮ್ಮ ಪ್ರಬಂಧವೊಂದರಲ್ಲಿ ಈ ಅವಸ್ಥೆಯನ್ನು ಕಾಲ್ಪನಿಕ ಪ್ರೇಕ್ಷಕವೃಂದದ ಭ್ರಮೆಯೆಂದು ವರ್ಣಿಸಿದರು. ಪರರ ಮನಸ್ಸಿನಲ್ಲಿ ಏನು ನಡೆದಿರಬಹುದೆಂದು ಊಹಿಸಬಲ್ಲ ಬುದ್ಧಿಯು ಹರೆಯದಲ್ಲಿ ಬಲಿಯುತ್ತದೆ. ಆದರೆ ಆ ಮನಸ್ಸುಗಳೆಲ್ಲ ತನ್ನನ್ನೇ ಕುರಿತು ಚಿಂತಿಸುತ್ತಿವೆಯೆಂದು ಅದೇ ಬುದ್ಧಿಯು ಮೋಸಹೋಗುತ್ತದೆ. ತನ್ನಂಥ ಸಂಕಟ ಲೋಕದಲ್ಲಿ ಇನ್ನಾರಿಗೂ ಬಂದಿಲ್ಲವೆಂಬ ನಂಬಿಕೆಯೂ ಅದರ ಬೆನ್ನಿಗೇ ಬರುವುದು. ಎಲ್ಕಿಂಡರು ಹೇಳಿದ ಕಾರಣಗಳ ವಿಷಯದಲ್ಲಿ ಮುಂದಿನ ವಿದ್ವಾಂಸರು ತಕರಾರು ತೆಗೆದಿದ್ದಾರೆ. ವರ್ಣನೆಯನ್ನು ಮಾತ್ರ ಹರೆಯದ ಮಕ್ಕಳಿರುವ ಯಾವ ಮನೆಯೂ ಅಲ್ಲಗಳೆಯಲಾರದು.

ಹಾಗಾದರೆ ಅಜ್ಜಿಯನ್ನು ಗಮನಿಸದ ಹುಡುಗನಲ್ಲಿ ಅನುಕಂಪವೇ ಇಲ್ಲವೇ? ಅನುಕಂಪದಲ್ಲಿ ಪರರ ಮನಸ್ಸನ್ನು ಅರಿಯುವುದು ಒಂದು, ಅರಿತು ಮರುಗುವುದು ಇನ್ನೊಂದು. ಇವೆರಡೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನೆದರ್‌ಲ್ಯಾಂಡ್ಸಿನ ಸಂಶೋಧಕರು ಸುಮಾರು 500 ಮಂದಿ ಕಿಶೋರರನ್ನು 13ನೆಯ ವಯಸ್ಸಿನಿಂದ 18ರವರೆಗೆ ಅನುಸರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಯುವ ಶಕ್ತಿ ಹುಡುಗಿಯರಲ್ಲಿ ಮೊದಲೂ ಹುಡುಗರಲ್ಲಿ ತುಸು ತಡವಾಗಿಯೂ ವೃದ್ಧಿಯಾದರೆ, ಮರುಕವು ಹುಡುಗರಲ್ಲಿ ನಡುಹರೆಯದ ಹೊತ್ತಿಗೆ ಕುಗ್ಗಿ ಆಮೇಲೆ ಚೇತರಿಸಿಕೊಂಡುದು ಕಂಡುಬಂದಿತು. ಮಗನು ಕಲ್ಲಾದನೆಂದು ಕೊರಗುವ ತಾಯಂದಿರಿಗೆ ಇದು ಸಣ್ಣ ಸಮಾಧಾನವಲ್ಲ.

ನಿಜವಾದ ಆತ್ಮರತಿಯ ಸ್ವರೂಪ ಬೇರೆ. ಎದುರಿನವನ ನೋವು ಅಲ್ಲಿ ತಿಳಿಯದೆ ಇಲ್ಲ, ಆದರೆ ತಟ್ಟುವುದಿಲ್ಲ; ತಾನು ಇತರರಿಗಿಂತ ಮೇಲು, ವಿಶೇಷ ಮರ್ಯಾದೆಗೆ ಹಕ್ಕುಳ್ಳವನು ಎಂಬ ಭಾವ ಅಡ್ಡಬರುತ್ತದೆ. ಅದರ ಬೇರನ್ನು ಅರಸಿ ಸಂಶೋಧಕ ಎಡ್ಡಿ ಬ್ರುಮೆಲ್‌ಮನ್ ಮತ್ತವರ ಸಹೋದ್ಯೋಗಿಗಳು ಅದೇ ನೆದರ್‌ಲ್ಯಾಂಡ್ಸಿನಲ್ಲಿ ಹರೆಯದ ಹೊಸ್ತಿಲಿನ 565 ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಪರಿಶೀಲಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: "ನಮ್ಮ ಮಗನಂಥವನು ಊರಲ್ಲೇ ಇಲ್ಲ" ಎಂಬ ಧೋರಣೆಯ ಮನೆಯಲ್ಲಿ ಕಾಲಕ್ರಮೇಣ ಆತ್ಮರತಿ ಹೆಚ್ಚಿತು; ವಾತ್ಸಲ್ಯವಿದ್ದ ಮನೆಯಲ್ಲಿ ಹೆಚ್ಚಿದುದು ಆತ್ಮಗೌರವ. ತಂದೆತಾಯಿಗಳ ಈ ಪ್ರಭಾವ ಅಲ್ಪವಾದುದೇ; ಹುಟ್ಟುಗುಣಕ್ಕೂ ಆತ್ಮರತಿಯಲ್ಲಿ ಪಾಲುಂಟು. ಹರೆಯದ ಸ್ವಭಾವ ಇನ್ನೂ ಮಾರ್ಪಡುತ್ತಿರುವುದರಿಂದ, ಆತ್ಮರತಿಯು 18 ತುಂಬದವರಲ್ಲಿ ವ್ಯಾಧಿಯೇ ಆಗಿದೆಯೆಂದು ನಿರ್ಣಯಿಸಲು ಮನೋವೈದ್ಯರು ಸಾಮಾನ್ಯವಾಗಿ ಹಿಂಜರಿಯುತ್ತಾರೆ.