ಕೋತಿಯ ಮೂಗಿನಲ್ಲಿ ಸಿಕ್ಕ ಸಾಕ್ಷ್ಯ

ಚಾಮುಂಡಿ ಬೆಟ್ಟದಲ್ಲಿ ಭಕ್ತರ ಕೈಯಿಂದ ಬಾಳೆಹಣ್ಣು ಕಸಿದು ಓಡುವ ಕೋತಿಯನ್ನು ನೋಡದವರಾರು? ನೆತ್ತಿಯ ಕೂದಲನ್ನು ಬೈತಲೆ ತೆಗೆದಂತೆ ಹರಡಿಕೊಂಡಿರುವ ಈ ಬಾನೆಟ್ ಕೋತಿ ದಕ್ಷಿಣ ಭಾರತದ್ದೇ ಪ್ರಾಣಿ. ವಾಯುಮಾಲಿನ್ಯದ ಬಗ್ಗೆ ದೊಡ್ಡ ಪಾಠವೊಂದನ್ನು ಹೇಳಿಕೊಟ್ಟಿದ್ದು ಇದರ ಮೂಗು. ಆ ಪಾಠವನ್ನು ಓದಿದವರು ಅಮೆರಿಕದ ಪಶುವೈದ್ಯ ಜ್ಯಾಕ್ ಹಾರ್ಕೆಮಾ.

ಹಾರ್ಕೆಮಾ ರೋಗಶಾಸ್ತ್ರಜ್ಞರು. ರೋಗವು ಜೀವಕೋಶದಲ್ಲಿ ಬಿಟ್ಟುಹೋದ ಗುರುತನ್ನು ಸೂಕ್ಷ್ಮದರ್ಶಕದಡಿ ಹುಡುಕುವುದು ಅವರ ಕಸುಬು. 1980ರ ದಶಕದಲ್ಲಿ, ಉಸಿರಾಡುವ ಗಾಳಿಯನ್ನು ಕೆಡಿಸುವ ಓಝೋನ್ ಅನಿಲದ ಸಂಶೋಧಕರ ಕಣ್ಣೆಲ್ಲ ಶ್ವಾಸಕೋಶದ ಮೇಲಿತ್ತು. ಗಾಳಿ ಮೊದಲು ತಾಗುವ ಮೂಗನ್ನು ವಿಚಾರಿಸಿದವರು ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಹಾರ್ಕೆಮಾ ಮತ್ತು ಸಂಗಡಿಗರು ಬಾನೆಟ್ ಕೋತಿಗಳನ್ನು ದಿನಕ್ಕೆ 8 ಗಂಟೆ ಓಝೋನ್ ಬೆರೆತ ಗಾಳಿಯಲ್ಲಿ ಇರಿಸಿದರು. ಕೆಲವನ್ನು 6 ದಿನ, ಕೆಲವನ್ನು 90 ದಿನ. ಓಝೋನ್ ಪ್ರಮಾಣ ಒಂದು ಕೋಟಿ ಪಾಲು ಗಾಳಿಯಲ್ಲಿ ಒಂದೂವರೆ ಅಥವಾ ಮೂರು ಪಾಲು, ಅಷ್ಟೇ. ಆಗಿನ ಲಾಸ್ ಏಂಜಲೀಸ್‌ನ ಜನ ಕೆಟ್ಟ ದಿನಗಳಲ್ಲಿ ಉಸಿರಾಡುತ್ತಿದ್ದ ಗಾಳಿ ಅಂಥದ್ದೇ.

ಮೂಗನ್ನು ಓದುವುದು ನಾಜೂಕಿನ ಕೆಲಸ. ಎಲುಬಿನ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ, ಮೆತ್ತಗಾದದ್ದನ್ನು ಕೂದಲಿಗಿಂತ ತೆಳ್ಳಗೆ ಹೆಚ್ಚಿ ಬಣ್ಣ ಹಾಕುತ್ತಾರೆ. ಆಗ ಲೋಳೆ ನೀಲಿ, ನೇರಳೆಯಾಗಿ ಎದ್ದು ಕಾಣುತ್ತದೆ. ಆರೋಗ್ಯವಂತ ಮೂಗಿನ ಒಳಪದರದಲ್ಲಿ ಭತ್ತದ ಪೈರಿನಂತೆ ಒತ್ತಾಗಿ ನಿಂತ ಸೂಕ್ಷ್ಮ ರೋಮಗಳು ದೂಳು ಅಂಟಿದ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಓಝೋನ್ ತಾಗಿದ ಮೂಗಿನಲ್ಲಿ ಆ ಪೈರು ಮೋಟಾಗಿತ್ತು. ರೋಮ ಹೊತ್ತ ಕೋಶಗಳು ಸತ್ತಿದ್ದವು, ಲೋಳೆ ಸುರಿಸುವ ಕೋಶಗಳು ಹೆಚ್ಚಿದ್ದವು.

1987ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಮಾತು ಗಮನಿಸಬೇಕಾದ್ದು. 6 ದಿನಕ್ಕೆ ಕಂಡಷ್ಟು ಉರಿಯೂತ 90 ದಿನಕ್ಕೆ ಇರಲಿಲ್ಲ. ಆದರೆ ಹಾನಿ ಹಾಗೇ ಇತ್ತು. "ಈ ಊರಿನ ಗಾಳಿ ಅಭ್ಯಾಸವಾಗಿದೆ ಬಿಡಿ" ಎನ್ನುವವರೆಲ್ಲ ಆ ಕೋತಿಗಳ ಮೂಗಿನ ಸ್ಲೈಡುಗಳನ್ನು ಒಮ್ಮೆ ನೋಡಬೇಕು.

ಮುಂದೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಹಾರ್ಕೆಮಾ ತಂಡ ಪ್ರಯೋಗಾಲಯವನ್ನೇ ಟ್ರೇಲರ್‌ಗೆ ಏರಿಸಿ, ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ಗೆ ಒಯ್ದಿತು. ಬೀದಿಯ ಗಾಳಿಯಲ್ಲಿದ್ದ ಸೂಕ್ಷ್ಮ ಕಣಗಳನ್ನೇ ಸಾಂದ್ರಗೊಳಿಸಿ ಇಲಿಗಳಿಗೆ ಉಸಿರಾಡಿಸಿದರು. ಅಲರ್ಜಿ ಇದ್ದ ಇಲಿಗಳ ಶ್ವಾಸಕೋಶದಲ್ಲಿ ವೆನೇಡಿಯಂ, ಲ್ಯಾಂಥನಂನಂಥ ಲೋಹಗಳು ಹೆಚ್ಚು ಉಳಿದಿದ್ದವು. ಉಬ್ಬಸದ ಮಕ್ಕಳನ್ನು ಹೊಗೆ ಹೆಚ್ಚು ಕಾಡುವುದೇಕೆ ಎಂಬುದಕ್ಕೆ ಇದೊಂದು ಸುಳಿವು.

ಇಷ್ಟು ತಿಳಿಯಲು ಮೂಕ ಪ್ರಾಣಿಗಳು ಜೀವ ತೆತ್ತಿವೆ. ತಿಳಿದದ್ದನ್ನು ಬಳಸದೆ ಬಿಟ್ಟರೆ ಅವಕ್ಕೆ ಮಾಡಿದ ಅನ್ಯಾಯ.

ಓಝೋನ್ ವಾಹನದ ಕೊಳವೆಯಿಂದ ನೇರವಾಗಿ ಬರುವುದಿಲ್ಲ. ಹೊಗೆಯ ಅನಿಲಗಳಿಗೆ ಬಿಸಿಲು ಬಿದ್ದಾಗ ಹುಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಏರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಆಟಕ್ಕೆ ಬಿಡುವಾಗ ಬಿಸಿಲಿಳಿಯುವವರೆಗೆ ಕಾಯಿರಿ. ಮಗುವಿಗೆ ಉಬ್ಬಸವಿದ್ದರಂತೂ ತಪ್ಪದೆ ಕಾಯಿರಿ.